ರೈಟಮ್ಮ ಮನೆಯಲ್ಲಿದ್ದ ದಿನಗಳು

ಆ ಬಸ್ಸಿನ ಕಂಡಕ್ಟರಮ್ಮನಿಗೆ ದಿನದ ಪ್ರಯಾಣಿಕರು ಇಟ್ಟ ಹೆಸರು ರೈಟಮ್ಮ. ಬಾಗಿಲ ಕಂಬಿಗೆ ಬೆನ್ನು ಕೊಟ್ಟು ನಿಂತು ಅವಳು ‘ರೈಟ್’ ಅಂದರೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋದವನೂ ಎದ್ದು ಕೂರುತ್ತಿದ್ದ. ಅಂಥವಳು ಒಂದು ದಿನ ಕೊನೇ ಸ್ಟಾಪಿನಲ್ಲಿ ಕೆಳಗಿಳಿದು, ಬಸ್ಸನ್ನು ಹಿಂದಕ್ಕೆ ತೆಗೆಸಲು ಕೈ ಬೀಸುತ್ತಾ ಹೆಜ್ಜೆ ಹಿಂದಿಡುತ್ತಿದ್ದಾಗ, ಮುಚ್ಚಳವಿಲ್ಲದ ಚರಂಡಿಯ ಅಂಚಿಗೆ ಬಲಗಾಲು ಸಿಕ್ಕಿ ಬಿದ್ದಳು. ಪಾದದ ಗಿಣ್ಣು ಮುರಿದ ಸದ್ದು ತನಗೇ ಕೇಳಿಸಿತು ಎಂದು ಆಮೇಲೆ ಬಂದವರಿಗೆಲ್ಲ ಹೇಳುತ್ತಿದ್ದಳು. ಡ್ರೈವರು ಅದೇ ಬಸ್ಸನ್ನು ಆಸ್ಪತ್ರೆಯ ಕಡೆ ತಿರುಗಿಸಿದ. ಆ ನೋವಿನಲ್ಲೂ ಅವಳು, “ಅಣ್ಣಾ, ಆ ಟೊಪ್ಪಿ ಹಾಕ್ಕೊಂಡಿರೋರಿಗೆ ಚಿಲ್ಲರೆ ಕೊಡೋದಿದೆ, ಮರೀಬೇಡ” ಅಂದಳಂತೆ.

ಮನೆ ಸಾಲಾಗಿ ಮೂರು ಕೋಣೆ. ಮುಂದಿನದು ಗಂಡನ ಹೊಲಿಗೆ ಅಂಗಡಿ. ಎರಡು ಮಷೀನು, ಒಂದು ಕತ್ತರಿಸುವ ಮೇಜು, ಗೋಡೆಯ ತುಂಬ ನೇತುಹಾಕಿದ ಅರ್ಧ ಹೊಲಿದ ಕೋಟುಗಳು. ನಡುವಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಅತ್ತೆಯ ಕುರ್ಚಿ. ಮಂಡಿನೋವು ಶುರುವಾದ ಮೇಲೆ ಅತ್ತೆ ಆ ಕುರ್ಚಿಯಿಂದಲೇ ಮನೆ ಆಳುತ್ತಿದ್ದರು. ಹಿಂದಿನದು ಅಡುಗೆಮನೆ. ಕಾಲಿಗೆ ಮಂಡಿಯವರೆಗೆ ಬಿಳಿ ಪ್ಲಾಸ್ಟರು ಹಾಕಿಸಿಕೊಂಡು ಬಂದ ಸೊಸೆಯನ್ನು ಅತ್ತೆಯ ಕುರ್ಚಿಯ ಎದುರಿಗಿದ್ದ ಮಂಚಕ್ಕೆ ಒರಗಿಸಿ, ಕಾಲ ಕೆಳಗೆ ಎರಡು ದಿಂಬು ಇಟ್ಟರು.

ಅತ್ತೆ ಪ್ಲಾಸ್ಟರನ್ನು ಮೇಲಿಂದ ಕೆಳಗೆ ನೋಡಿದರು. “ಊರೆಲ್ಲ ಸುತ್ತೋ ಕಾಲು. ಒಂದಿನ ಹೀಗಾಗತ್ತೆ ಅಂತ ನಂಗೆ ಗೊತ್ತಿತ್ತು.”

“ಗೊತ್ತಿದ್ರೆ ಬೆಳಿಗ್ಗೇನೇ ಹೇಳಬಾರದಿತ್ತಾ ಅತ್ತೆ? ರಜ ಹಾಕ್ತಿದ್ದೆ.”

ಕಷ್ಟ ಶುರುವಾದದ್ದು ಅಡುಗೆಮನೆಯಿಂದ. ರೈಟಮ್ಮ ಮೊದಲ ಬಸ್ಸಿಗೆ ಹೊರಡುವವಳಾದ್ದರಿಂದ ಬೆಳಕು ಹರಿಯುವ ಮೊದಲೇ ಇಡೀ ಮನೆಗೆ ಬೇಯಿಸಿಟ್ಟು ಹೋಗುತ್ತಿದ್ದಳು. ಈಗ ಆ ಕೆಲಸ ಮಗಳ ತಲೆಗೆ ಬಂತು. ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಮೊದಲ ವಾರ ಅನ್ನ ತಳ ಹಿಡಿಯಿತು, ಎರಡನೇ ವಾರ ಮಗಳ ಸಿಟ್ಟು.

“ಉಪ್ಪು ಎಲ್ಲಿದೆ?” ಎಂದು ಒಳಗಿಂದ ಕೂಗುತ್ತಿದ್ದಳು.

“ಎಡಗಡೆ, ನೀಲಿ ಮುಚ್ಚಳ!” ಮಂಚದಿಂದ ಅಮ್ಮ.

“ನೀಲಿ ಮುಚ್ಚಳದಲ್ಲಿ ಸಕ್ಕರೆ ಇದೆ!”

“ಅದನ್ನ ಅಲ್ಲಿಟ್ಟೋರು ನಿಮ್ಮಪ್ಪ!”

“ನನ್ನ ಯಾಕೆ ಎಳೀತೀಯ ಮಧ್ಯೆ?” ಮುಂದಿನ ಕೋಣೆಯಿಂದ ಟೈಲರು. ಮಷೀನಿನ ಸದ್ದು ನಿಲ್ಲುತ್ತಿರಲಿಲ್ಲ.

“ಬಸ್ಸಲ್ಲಿ ಕೂಗಿದ ಹಾಗೆ ಕೂಗಬೇಡಿ, ನಂಗೆ ಎದೆ ನಡುಗತ್ತೆ,” ಎನ್ನುವುದು ಅತ್ತೆಯ ಪಾಲು.

ಮಂಚದ ಮೇಲೆ ಬಿದ್ದುಕೊಂಡರೆ ಹುಚ್ಚು ಹಿಡಿಯುತ್ತದೆ ಎಂದು ರೈಟಮ್ಮ ಆಸ್ಪತ್ರೆಯ ವ್ಯಾಯಾಮದ ಮೇಡಂ ಎದುರು ಕಣ್ಣೀರು ಹಾಕಿದಳು. ಆ ಹುಡುಗಿ ನಕ್ಕು, “ಮುರಿದಿರೋದು ಒಂದು ಗಿಣ್ಣು ಅಮ್ಮ. ಮಿಕ್ಕಿದ್ದೆಲ್ಲ ಸರಿ ಇದೆಯಲ್ಲ? ಆ ಕಾಲನ್ನ ಮಾತ್ರ ನಾನು ಹೇಳೋವರೆಗೂ ನೆಲಕ್ಕೆ ಊರಬೇಡಿ. ಮಿಕ್ಕಿದ್ದಕ್ಕೆ ರಜ ಕೊಡಬೇಡಿ” ಅಂದಳು. ಬೆರಳು ಆಡಿಸುವುದು, ತೊಡೆ ಬಿಗಿದು ಕಾಲನ್ನು ನೆಟ್ಟಗೆ ಮೇಲೆತ್ತುವುದು, ನೀರು ತುಂಬಿದ ಬಾಟಲಿ ಹಿಡಿದು ತೋಳು ಏರಿಸಿ ಇಳಿಸುವುದು, ಎಲ್ಲ ತೋರಿಸಿಕೊಟ್ಟಳು.

ಮನೆಗೆ ಬಂದು ರೈಟಮ್ಮ ಅಂದೇ ಶುರುಮಾಡಿದಳು. ಎದುರು ಕುರ್ಚಿಯಿಂದ ಅತ್ತೆ ನೋಡುತ್ತಾ ಕೂತರು.

“ಬಾಟಲಿ ಮೇಲೆ ಹೋಯ್ತು, ಬಾಟಲಿ ಕೆಳಗೆ ಬಂತು. ಇದರಿಂದ ಕಾಲು ಕೂಡತ್ತಾ?”

“ಕೂಡಲ್ಲ. ಆದರೆ ಕಾಲು ಕೂಡೋ ಹೊತ್ತಿಗೆ ಮಿಕ್ಕ ಮೈ ತುಕ್ಕು ಹಿಡಿದಿರಬಾರದಲ್ಲ. ನೀವೂ ಒಂದು ಬಾಟಲಿ ಹಿಡೀರಿ.”

“ನಂಗ್ಯಾಕೆ? ನಾನೇನು ಬಸ್ಸಿಗೆ ಹತ್ತಬೇಕಾ?” ಅಂದರು ಅತ್ತೆ. ಆದರೆ ಮೂರು ದಿನ ಕಳೆಯುವುದರೊಳಗೆ, ಯಾರೂ ನೋಡುತ್ತಿಲ್ಲವೆಂದುಕೊಂಡು ಅವರೂ ಕುರ್ಚಿಯಲ್ಲೇ ಕಾಲು ಚಾಚುವುದನ್ನು ಮೊಮ್ಮಗಳು ಬಾಗಿಲ ಸಂದಿಯಿಂದ ಕಂಡಳು.

ಕೂತು ಮಾಡಬಹುದಾದ ಕೆಲಸವನ್ನೆಲ್ಲ ರೈಟಮ್ಮ ಕೇಳಿ ಕೇಳಿ ಇಸಿದುಕೊಂಡಳು. ಸೊಪ್ಪು ಬಿಡಿಸಿದಳು, ಆಲೂಗಡ್ಡೆ ಹೆಚ್ಚಿದಳು, ಬಟ್ಟೆ ಮಡಿಸಿದಳು. ಮಗಳಿಗೆ ಬೆಳಗಿನ ಹೊರೆ ಒಂದಿಷ್ಟು ಇಳಿಯಿತು. ಊರುಗೋಲುಗಳ ಮೇಲೆ ಜೋತು ಮುಂದಿನ ಕೋಣೆಗೆ ಹೋಗಿ ಗಂಡನ ಪಕ್ಕ ಕೂತು ಗುಂಡಿ ಹೊಲಿಯತೊಡಗಿದಳು. ಕಾಲನ್ನು ಎರಡನೇ ಮಷೀನಿನ ಸ್ಟೂಲಿನ ಮೇಲೆ ಇಟ್ಟುಕೊಳ್ಳುತ್ತಿದ್ದಳು.

ಟೈಲರು ಮಾತು ಕಮ್ಮಿಯ ಮನುಷ್ಯ. ಮದುವೆಯಾದಾಗಿನಿಂದ ಅವನ ಹೆಂಡತಿ ಅವನು ಏಳುವ ಮೊದಲೇ ಹೊರಟು, ಅವನು ಕತ್ತರಿ ಕೆಳಗಿಡುವ ಹೊತ್ತಿಗೆ ದಣಿದು ಬರುತ್ತಿದ್ದಳು. ವಾರದ ರಜೆಯೂ ಇಬ್ಬರಿಗೂ ಬೇರೆ ಬೇರೆ ದಿನ. ಮಧ್ಯಾಹ್ನ ಅವನು ತಾಯಿಗೆ ಬಡಿಸಿ, ತಾನು ಮಷೀನಿನ ಪಕ್ಕವೇ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದ. ಈಗ ಮೂವರೂ ನಡುಕೋಣೆಯಲ್ಲಿ ಕೂತು ಉಣ್ಣತೊಡಗಿದರು. ಅವನು ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬರುತ್ತಿದ್ದ. ಗಿರಾಕಿ ಬಂದು ಕೂಗಿದರೆ, “ಊಟದ ಹೊತ್ತು, ಆಮೇಲೆ ಬನ್ನಿ” ಎಂದು ಒಳಗಿಂದಲೇ ಹೇಳುತ್ತಿದ್ದ.

“ಇದೇನೋ ಹೊಸದು?” ಅಂದರು ತಾಯಿ. “ಇಷ್ಟು ವರ್ಷ ನನ್ನ ಜತೆ ಕೂತು ಉಣ್ಣಕ್ಕೆ ನಿಂಗೆ ಪುರುಸೊತ್ತಿರಲಿಲ್ಲ.”

ಅವನು ತಲೆ ತಗ್ಗಿಸಿ ಉಂಡ. ಕಿವಿ ಕೆಂಪಾಗಿತ್ತು. ರೈಟಮ್ಮ ನೋಡಿದಳು, ಆದರೆ ಆ ಹೊತ್ತಿಗೆ ದೂರದ ದೊಡ್ಡ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹಾಕಿತು, ಅವಳ ಕಿವಿ ಅತ್ತ ಹೋಯಿತು.

“ಇದು ನಮ್ಮದೇ,” ಅಂದಳು. “ತಡವಾಗಿದೆ ಇವತ್ತು. ಮಾರ್ಕೆಟ್ ಹತ್ತಿರ ಸಿಕ್ಕಿಹಾಕ್ಕೊಂಡಿರಬೇಕು.”

“ಅನ್ನ ಆರ್ತಿದೆ,” ಅಂದ ಟೈಲರು.

ಒಂದು ಭಾನುವಾರ ಡ್ರೈವರು ಹಣ್ಣಿನ ಚೀಲ ಹಿಡಿದು ಬಂದ. ಅವಳು ಅವನನ್ನು ಕೂರಲೂ ಬಿಡದೆ ಕೇಳತೊಡಗಿದಳು. ಹೊಸ ಕಂಡಕ್ಟರು ಹೇಗೆ? ಎರಡನೇ ಗೇರು ಸರಿಹೋಯಿತಾ? ಹೂವಿನ ಬುಟ್ಟಿಯ ಅಜ್ಜಿ ಬರ್ತಾರಾ? ಆ ಇಬ್ಬರು ಟೀಚರುಗಳು ಮಾತು ಬಿಟ್ಟಿದ್ದರಲ್ಲ, ಈಗ ಒಂದೇ ಸೀಟಲ್ಲಿ ಕೂರ್ತಾರಾ?

“ಕೂರ್ತಾರೆ, ಆದರೆ ಮಧ್ಯೆ ಚೀಲ ಇಡ್ತಾರೆ,” ಅಂದ ಡ್ರೈವರು. ರೈಟಮ್ಮ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಅಷ್ಟು ನಕ್ಕದ್ದನ್ನು ಟೈಲರು ಮನೆಯಲ್ಲಿ ನೋಡಿರಲಿಲ್ಲ.

ಹೊರಡುವಾಗ ಡ್ರೈವರು, “ಡಿಪೋದಲ್ಲಿ ಮಾತಾಡ್ತಿದಾರಮ್ಮ. ವಾಸಿಯಾದ ಮೇಲೆ ನಿಮಗೆ ಪಾಸ್ ಕೌಂಟರಲ್ಲಿ ಕೂರೋ ಕೆಲಸ ಕೊಡ್ತಾರಂತೆ. ಹತ್ತೋದು ಇಳಿಯೋದು ಇಲ್ಲ” ಎಂದ.

“ಒಳ್ಳೇದಾಯ್ತು!” ಟೈಲರು ಬಾಯಿಂದ ಸೂಜಿ ತೆಗೆದು ಹೇಳಿದ. “ಕೌಂಟರು ಅಂದ್ರೆ ಹೊತ್ತಿಗೆ ಸರಿಯಾಗಿ ಬರ್ತಾಳೆ. ಭಾನುವಾರ ರಜ. ಅಲ್ವಾ?”

ರೈಟಮ್ಮ ಹಣ್ಣಿನ ಚೀಲದ ಗಂಟು ಬಿಚ್ಚುತ್ತಾ ಕೂತಳು. ಡ್ರೈವರು ಹೋದ ಮೇಲೆ, “ನನ್ನ ಕೇಳದೇ ಯಾಕೆ ಒಪ್ಪಿಕೊಂಡ್ರಿ?” ಅಂದಳು.

“ಒಪ್ಪಿಕೊಂಡೆ ಅಂತ ಯಾರಂದ್ರು? ಒಳ್ಳೇದು ಅಂದೆ.”

“ಯಾರಿಗೆ ಒಳ್ಳೇದು?”

“ನಿನ್ನ ಕಾಲಿಗೆ.”

“ನನ್ನ ಕಾಲು ಕೌಂಟರಲ್ಲಿ ಕೂರಕ್ಕೆ ವಾಸಿಯಾಗ್ತಿಲ್ಲ ರೀ.”

“ಹಾಗಾದ್ರೆ ಯಾತಕ್ಕೆ ವಾಸಿಯಾಗ್ತಿದೆ? ಇನ್ನೊಂದು ಸಲ ಮುರಿಯೋದಕ್ಕಾ?”

“ಮಾತಾಡ್ಕೊಳ್ಳೋದಾದ್ರೆ ಹಣ್ಣು ಕೊಯ್ಕೊಂಡು ಮಾತಾಡಿ,” ಅಂದರು ಅತ್ತೆ. ಯಾರೂ ಕೊಯ್ಯಲಿಲ್ಲ.

ಪ್ಲಾಸ್ಟರು ತೆಗೆದಾಗ ಕಾಲು ಬಿಳಿಚಿಕೊಂಡು, ಮೀನಖಂಡ ಇಳಿದು, ಬೇರೆ ಯಾರದೋ ಕಾಲಿನಂತಿತ್ತು. ದಪ್ಪ ಬೂಟೊಂದನ್ನು ಕಟ್ಟಿಕೊಟ್ಟು, ಊರುಗೋಲು ಬಿಡದೆ, ಸ್ವಲ್ಪ ಸ್ವಲ್ಪವೇ ಭಾರ ಹಾಕಬೇಕು ಎಂದರು. ಕೂತಾಗ ಬೂಟು ಬಿಚ್ಚಿ, ಹೆಬ್ಬೆರಳಿನಲ್ಲಿ ಗಾಳಿಯಲ್ಲಿ ಅಕ್ಷರ ಬರೆಯಬೇಕು ಎಂದಳು ವ್ಯಾಯಾಮದ ಮೇಡಂ. ಗಿಣ್ಣು ಎಲ್ಲ ದಿಕ್ಕಿಗೂ ತಿರುಗಲು ಅದೇ ಮದ್ದು.

“ಈ ವಯಸ್ಸಲ್ಲಿ ಕಾಲಿಗೆ ಅ ಆ ಇ ಈ ಕಲಿಸ್ತಿದಾಳೆ,” ಎಂದು ಅತ್ತೆ ಕಿಟಕಿಯಾಚೆಯ ನೆರೆಯವಳಿಗೆ ಸುದ್ದಿ ಮುಟ್ಟಿಸಿದರು. ಅ, ಆ ಸಲೀಸಾಗಿ ಹೋಯಿತು. ಋ ಬಂದಾಗ ರೈಟಮ್ಮ ಹಲ್ಲು ಕಚ್ಚಿ ಮಂಚದ ಪಟ್ಟಿ ಹಿಡಿದುಕೊಂಡಳು.

“ಋ ಬಿಟ್ಟುಬಿಡೇ,” ಅಂದರು ಅತ್ತೆ. “ಋ ಇಲ್ಲದೇ ನನ್ನ ಜೀವನವೇ ಕಳೀತು.”

ಆ ವಾರವೇ ಅವಳು ಆ ಕೆಲಸ ಮಾಡಿದ್ದು. ಟೈಲರು ಬಟ್ಟೆ ತರಲು ಹೋಗಿದ್ದ, ಅತ್ತೆ ಕೂತಲ್ಲೇ ತೂಕಡಿಸುತ್ತಿದ್ದರು. ಊರುಗೋಲು ಊರಿಕೊಂಡು ರೈಟಮ್ಮ ಓಣಿ ದಾಟಿ, ದೊಡ್ಡ ರಸ್ತೆಯ ಬಸ್ ಸ್ಟಾಪಿಗೆ ಹೋಗಿ ನಿಂತಳು. ನೋಡಿಬರುತ್ತೇನೆ ಎಂದಷ್ಟೇ ಅಂದುಕೊಂಡಿದ್ದಳು. ಅವಳದೇ ಬಸ್ಸು ಬಂತು. ಡ್ರೈವರು ಅವಳನ್ನು ಕಂಡು ಹಾರ್ನ್ ಒತ್ತಿದ. ಒಳಗಿದ್ದವರು, “ರೈಟಮ್ಮ! ರೈಟಮ್ಮ ಬಂದರು!” ಎಂದು ಕಿಟಕಿಗೆ ಮುಗಿಬಿದ್ದರು. ಯಾರೋ ಕೈ ಚಾಚಿದರು. ಅವಳಿಗೆ ತಡೆಯಲಾಗಲಿಲ್ಲ. ಒಂದು ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿ, ಕಂಬಿ ಹಿಡಿದು, ಬೂಟಿನ ಕಾಲನ್ನೇ ಮೆಟ್ಟಿಲ ಮೇಲಿಟ್ಟು ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿಬಿಟ್ಟಳು.

ಮತ್ತೆ ಮೂಳೆ ಮುರಿಯಲಿಲ್ಲ. ಆದರೆ ಕಾಲು ಕುಂಬಳಕಾಯಿಯ ಹಾಗೆ ಊದಿತು. ಇಷ್ಟು ದಿನ ಗಳಿಸಿದ್ದು ನೀರಿನಲ್ಲಿ ಹೋಮವಾಯಿತು. ಬೂಟು ಇನ್ನೂ ಹಲವು ವಾರ ಬಿಚ್ಚುವ ಹಾಗಿಲ್ಲ ಎಂದರು ಡಾಕ್ಟರು.

ಸುದ್ದಿ ತಿಳಿದು ಟೈಲರು ಬಟ್ಟೆ ಅಂಗಡಿಯಿಂದ ನೇರ ಆಸ್ಪತ್ರೆಗೆ ಬಂದಿದ್ದ. ಮನೆಗೆ ಬಂದು, ಬಾಗಿಲು ಹಾಕಿ, ಕೈಯಲ್ಲಿದ್ದ ಬಟ್ಟೆಯ ಸುರುಳಿಯನ್ನು ಮೇಜಿನ ಮೇಲೆ ಎಸೆದ.

“ನಿಂಗೆ ಈ ಮನೆ ಅಂದ್ರೆ ಏನು? ಡಿಪೋನಾ? ರಾತ್ರಿ ತಂದು ನಿಲ್ಲಿಸೋದು, ಬೆಳಿಗ್ಗೆ ತಗೊಂಡು ಹೋಗೋದು?”

“ನೋಡಬೇಕು ಅನ್ನಿಸ್ತು, ಹೋದೆ.”

“ನಂಗೂ ನೋಡಬೇಕು ಅನ್ನಿಸ್ತಿತ್ತು!” ಅವನ ಗಂಟಲು ಏರಿತು. “ದಿನಾ ಮಧ್ಯಾಹ್ನ ಅನ್ನಿಸ್ತಿತ್ತು. ನಾನು ಯಾವ ಸ್ಟಾಪಿಗೆ ಹೋಗಿ ನಿಂತ್ಕೋಬೇಕಿತ್ತು ಹೇಳು?”

ರೈಟಮ್ಮ ತಬ್ಬಿಬ್ಬಾದಳು. ಮಗಳು ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ತಂದು ಕಾಲಿಗೆ ಒತ್ತುತ್ತಾ, ತಲೆ ಎತ್ತದೆ ಹೇಳಿದಳು: “ಅಪ್ಪ ಅಂದಿದ್ದು ಸರಿ. ಸ್ಕೂಲಿಂದ ಬಂದಾಗ ಬಾಗಿಲು ತೆಗೀತಿದ್ದಿದ್ದು ಅಜ್ಜಿ. ಒಂದು ದಿನ ನೀನು ತೆಗೀತೀಯ ಅಂತ ನಾನೂ ಕಾದಿದೀನಿ. ಈಗ ನೀನು ಮನೇಲಿದೀಯ, ನಂಗೆ ಕೆಲಸ.”

“ಯಾಕೆ ಯಾವತ್ತೂ ಹೇಳಲಿಲ್ಲ?”

“ನೀನು ಬರೋ ಹೊತ್ತಿಗೆ ನಿದ್ದೆ ಬಂದಿರ್ತಿತ್ತು ಅಮ್ಮ.”

ಅದಾದ ಮೇಲೆ ರೈಟಮ್ಮ ಹೇಳಿದ್ದನ್ನು ಹೇಳಿದಷ್ಟೇ ಮಾಡಿದಳು. ಸಂಜೆ ಮಗಳು ಬರುವ ಹೊತ್ತಿಗೆ ಊರುಗೋಲು ಊರಿಕೊಂಡು ಹೋಗಿ ಬಾಗಿಲು ತೆಗೆಯುತ್ತಿದ್ದಳು. ಮೊದಲ ದಿನ ಮಗಳು, “ಇದೇನಮ್ಮ ಹೊಸ ನಾಟಕ” ಅಂದಳು. ಆಮೇಲೆ ಬೀದಿಯ ತಿರುವಿನಲ್ಲೇ ಅವಳ ಹೆಜ್ಜೆ ಚುರುಕಾಗುವುದು ಅತ್ತೆಯ ಕಿಟಕಿಗೆ ಕಾಣುತ್ತಿತ್ತು. ಊತ ಇಳಿಯಿತು. ಬೂಟು ಕಳಚಿತು. ಮೇಜಿನ ಅಂಚು ಹಿಡಿದು ಹಿಮ್ಮಡಿ ಎತ್ತುವುದು, ಓಣಿಯ ಕೊನೆಯವರೆಗೆ ಹೋಗಿ ಬರುವುದು. ಬಿಟ್ಟುಹಾಕಿದ ಊರುಗೋಲುಗಳಲ್ಲಿ ಒಂದನ್ನು ಅತ್ತೆ ತಮ್ಮ ಕುರ್ಚಿಗೆ ಒರಗಿಸಿಕೊಂಡರು. “ಸುಮ್ಮನೆ ಇರಲಿ,” ಅಂದರು. ಅದನ್ನು ಹಿಡಿದು ಅವರು ಸೊಸೆಯ ಜತೆ ಮೂರನೇ ಮನೆಯವರೆಗೆ ಹೋಗಿ ಬಂದ ದಿನ, ನೆರೆಯವಳನ್ನು ಅವಳ ಬಾಗಿಲಲ್ಲೇ ನಿಂತು ಮಾತಾಡಿಸಿಬಂದ ಹೆಮ್ಮೆಗೆ ಎರಡು ಲೋಟ ಚಹಾ ಕೇಳಿ ಕುಡಿದರು.

ಕೆಲಸಕ್ಕೆ ಮರಳುವ ಮೊದಲಿನ ತಪಾಸಣೆಯಲ್ಲಿ ಡಿಪೋದ ಡಾಕ್ಟರು ಒಂಟಿ ಕಾಲಲ್ಲಿ ನಿಲ್ಲಲು ಹೇಳಿದರು. ಎಡಗಾಲಲ್ಲಿ ನಿಂತಳು. ಬಲಗಾಲಲ್ಲಿ ನಿಂತಾಗ ಅದು ತರತರ ನಡುಗಿ, ಕೈ ತಾನಾಗಿ ಗೋಡೆ ಹುಡುಕಿತು. “ಓಡೋ ಬಸ್ಸಲ್ಲಿ ಗೋಡೆ ಇರಲ್ಲಮ್ಮ,” ಎಂದು ಅವರು ಮೆತ್ತಗೇ ಹೇಳಿ, ಕೌಂಟರಿಗೆ ಹಾಕಿದರು.

ಟೈಲರು ಬಯಸಿದ್ದೆಲ್ಲ ಆಯಿತು. ಕೌಂಟರು ಇದ್ದದ್ದು ದೊಡ್ಡ ರಸ್ತೆಯ ತುದಿಯಲ್ಲೇ. ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಿದ್ದಳು, ಸಂಜೆ ದೀಪ ಹಾಕುವ ಮೊದಲೇ ಬರುತ್ತಿದ್ದಳು. ಭಾನುವಾರ ಇಡೀ ದಿನ ಮನೆಯಲ್ಲಿರುತ್ತಿದ್ದಳು. ಅವನು ಅಂಗಡಿಯ ಬಾಗಿಲು ಅರ್ಧ ಎಳೆದು ಊಟಕ್ಕೆ ಕೂರುತ್ತಿದ್ದ.

“ಇವತ್ತೇನಾಯ್ತು?” ಎಂದು ಕೇಳುತ್ತಿದ್ದ.

“ಏನಾಗತ್ತೆ? ಒಂದು ಕಿಂಡಿ. ಕೈ ಬರತ್ತೆ, ಕೈ ಹೋಗತ್ತೆ. ಮುಖ ಕಾಣಲ್ಲ.”

ಮೊದಲೆಲ್ಲ ಅವಳು ರಾತ್ರಿ ದಣಿದು ಬಂದರೂ ತಟ್ಟೆಯ ಮುಂದೆ ಕೂತು ಅರ್ಧ ಊರಿನ ಸುದ್ದಿ ಹೇಳುತ್ತಿದ್ದಳು. ಯಾರ ಕೋಳಿ ಬಸ್ಸಲ್ಲಿ ತಪ್ಪಿಸಿಕೊಂಡಿತು, ಯಾರ ಮಗಳು ಯಾರ ಪಕ್ಕ ಕೂತಳು, ಯಾವ ಮುದುಕರು ಇಳಿಯುವ ಸ್ಟಾಪು ಮರೆತು ಎರಡು ಸಲ ಊರು ಸುತ್ತಿದರು. ಅದನ್ನೆಲ್ಲ ಕೇಳುತ್ತಾ ಅವನು ನಗುತ್ತಿರಲಿಲ್ಲ, ಹೂಂಗುಟ್ಟುತ್ತಿದ್ದ ಅಷ್ಟೆ. ಈಗ ಹೂಂಗುಟ್ಟಲು ಏನೂ ಉಳಿಯಲಿಲ್ಲ. ಅವಳು ಉಂಡು, ಕೈ ತೊಳೆದು, ಹೊತ್ತಿಗೆ ಮುಂಚೆ ಮಲಗುತ್ತಿದ್ದಳು. ದೂರದಲ್ಲಿ ಹಾರ್ನ್ ಕೇಳಿದರೆ ಈಗ ತಲೆ ಕೂಡ ಎತ್ತುತ್ತಿರಲಿಲ್ಲ. ಅದನ್ನೇ ಅವನಿಗೆ ಸಹಿಸಲಾಗಲಿಲ್ಲ.

“ಬಯಸಿದ್ದು ಸಿಕ್ತಲ್ಲೋ,” ಅಂದರು ತಾಯಿ, ಅವಳು ಕೌಂಟರಿಗೆ ಹೋಗಿದ್ದಾಗ. “ಮತ್ತೆ ನಿನ್ನ ಮುಖ ಯಾಕೆ ಹಿಂಡಿದ ಬಟ್ಟೆ ಹಾಗಿದೆ?”

“ಅವಳು ಮನೇಲಿರ್ತಾಳೆ ಅಮ್ಮ. ಆದರೆ ಬಂದಿರಲ್ಲ.”

ತಾಯಿ ಕಿಟಕಿಯ ಕಡೆ ತಿರುಗಿದರು. “ಕೂತಲ್ಲೇ ಕೂತೋರಿಗೆ ಹೇಳಕ್ಕೆ ಕಥೆ ಇರಲ್ಲ ಕಣೋ. ನನ್ನ ನೋಡು, ಬೈಗುಳ ಒಂದೇ ಉಳೀತು.”

ಆ ಮಧ್ಯಾಹ್ನ ಟೈಲರು ಗಿರಾಕಿಯ ಕೋಟನ್ನು ಬದಿಗಿಟ್ಟ. ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದ ತುಂಡುಬಟ್ಟೆಗಳನ್ನೆಲ್ಲ ಗೋರಿ, ದಪ್ಪ ಕ್ಯಾನ್ವಾಸಿನ ಚೀಲಕ್ಕೆ ಅದುಮಿ ಅದುಮಿ ತುಂಬಿ, ಸುತ್ತಲೂ ಎರಡು ಹೊಲಿಗೆ ಹಾಕಿದ. ಉಬ್ಬಿದ, ಎತ್ತ ಒತ್ತಿದರೆ ಅತ್ತ ವಾಲುವ ದಿಂಬಾಯಿತು. ಸಂಜೆ ಅವಳು ಬಂದಾಗ ಅದು ಕತ್ತರಿಸುವ ಮೇಜಿನ ಪಕ್ಕ ನೆಲದ ಮೇಲಿತ್ತು.

“ಏನಿದು?”

“ವ್ಯಾಯಾಮದ ಮೇಡಂ ಹತ್ತಿರ ಹೋಗಿ ಕೇಳಿಬಂದೆ. ಅಲ್ಲಾಡೋ ನೆಲದ ಮೇಲೆ ನಿಂತು ಅಭ್ಯಾಸ ಮಾಡಬೇಕಂತೆ. ಹತ್ತು.”

ಅವಳು ದಿಂಬನ್ನು ನೋಡಿದಳು, ಅವನನ್ನು ನೋಡಿದಳು. “ಇದರ ಮೇಲೆ ನಿಂತು ಕಲಿತ್ರೆ ನಾನು ಮತ್ತೆ ಬಸ್ಸಿಗೇ ಹೋಗ್ತೀನಿ.”

“ಗೊತ್ತು. ಹತ್ತು.”

ಮೊದಲು ಎರಡೂ ಕಾಲಲ್ಲಿ, ಅವನ ಎರಡೂ ಕೈ ಹಿಡಿದು. ಆಮೇಲೆ ಒಂದು ಕೈ. ಆಮೇಲೆ ಬಲಗಾಲೊಂದರಲ್ಲೇ. ಬಿದ್ದರೆ ಹಿಡಿಯಲು ಹಿಂದೆ ಮೇಜು, ಮುಂದೆ ಅವನು. ದಿನವೂ ಅಂಗಡಿ ಮುಚ್ಚಿದ ಮೇಲೆ ಅದೇ ಕೆಲಸ. ಅತ್ತೆ ಊರುಗೋಲು ಹಿಡಿದು ಬಂದು ಗಿರಾಕಿಯ ಬೆಂಚಿನ ಮೇಲೆ ಕೂರತೊಡಗಿದರು.

“ಬ್ರೇಕ್!” ಎಂದು ಇದ್ದಕ್ಕಿದ್ದಂತೆ ಕೂಗುತ್ತಿದ್ದರು. ಆಗ ಟೈಲರು ಅವಳ ಭುಜವನ್ನು ಒಂದು ಕಡೆಗೆ ತಳ್ಳಬೇಕು, ಅವಳು ವಾಲದೆ ನಿಲ್ಲಬೇಕು.

“ಅಜ್ಜಿ, ಇಷ್ಟು ಬ್ರೇಕ್ ಹಾಕಿದ್ರೆ ಬಸ್ಸು ಮುಂದೆ ಹೋಗಲ್ಲ,” ಮಗಳು ಅಡುಗೆಮನೆಯಿಂದ.

“ಹೋಗದೇ ಇದ್ರೆ ಒಳ್ಳೇದಲ್ವಾ ನಿಮ್ಮಪ್ಪನಿಗೆ!”

ಟೈಲರೂ ನಕ್ಕುಬಿಟ್ಟ. ನಗುವಾಗ ಕೈ ಸಡಿಲವಾಯಿತು. ರೈಟಮ್ಮ ಆ ಚೀಲದ ಮೇಲೆ ಒಂಟಿ ಕಾಲಲ್ಲಿ, ಯಾರನ್ನೂ ಹಿಡಿಯದೆ ನಿಂತಿದ್ದಳು. ಅವಳಿಗೆ ಗೊತ್ತಾಗಲಿಲ್ಲ. ಅವನು ಗೊತ್ತಾಗಿಯೂ ಕೈ ಮುಂದೆ ಮಾಡಲಿಲ್ಲ. ಅವಳ ಮುಖವನ್ನೇ ನೋಡುತ್ತಾ ಒಂದು ಹೆಜ್ಜೆ ಹಿಂದೆ ಸರಿದ.

ಎರಡನೇ ಸಲ ಡಿಪೋದ ಡಾಕ್ಟರು ತಲೆಯಾಡಿಸಿದರು. ಬೆಳಗಿನ ಮೊದಲ ಬಸ್ಸು ಬೇಡ, ಹೊತ್ತೇರಿದ ಮೇಲೆ ಹೊರಡುವ ಪಾಳಿ ಮಾಡಲಿ ಎಂದರು. ಭಾನುವಾರದ ರಜೆಯನ್ನು ರೈಟಮ್ಮ ತಾನೇ ಜಗಳವಾಡಿ ಪಡೆದಳು. ಆದರೂ ಮನೆ ಸೇರುವುದು ರಾತ್ರಿಯೇ.

ಕೆಲಸಕ್ಕೆ ಮರಳಿದ ದಿನ ಟೈಲರು ಯೂನಿಫಾರ್ಮನ್ನು ತಾನೇ ಇಸ್ತ್ರಿ ಮಾಡಿ, ಅವಳ ಜತೆ ದೊಡ್ಡ ರಸ್ತೆಯವರೆಗೆ ನಡೆದುಹೋದ. ಬಸ್ಸು ಬಂದಾಗ ಅವಳು, “ಹಸಿವಾದಾಗ ಉಣ್ಣಿ, ನಂಗೆ ಕಾಯಬೇಡಿ” ಎಂದು ಹೇಳಿ, ಎಡಗಾಲು ಮೊದಲಿಟ್ಟು, ಕಂಬಿ ಹಿಡಿದು ಹತ್ತಿದಳು. ಬಸ್ಸು ಚಲಿಸಿದಾಗ ಅವಳ ಬೆನ್ನು ಕಾಣುತ್ತಿತ್ತು. ಆಗಲೇ ಯಾರನ್ನೋ ಒಳಗೆ ಹೋಗಿ ಎಂದು ಗದರುತ್ತಿದ್ದಳು. ಧ್ವನಿ ತಿರುವಿನವರೆಗೂ ಕೇಳಿಸಿತು. ಆಮೇಲೆ ರಸ್ತೆಯ ಗದ್ದಲದಲ್ಲಿ ಕರಗಿತು.

ಮಧ್ಯಾಹ್ನ ಅವನು ತಾಯಿಗೆ ಬಡಿಸಿ, ಮತ್ತೆ ಮಷೀನಿಗೆ ಹೋಗಿ ಕೂತ.

“ನೀನು ಉಣ್ಣಲ್ವೇನೋ?”

“ಆಮೇಲೆ.”

“ಆಮೇಲೆ ಅಂದ್ರೆ? ಅವಳು ಬರೋದು ರಾತ್ರಿಗೆ.”

“ಗೊತ್ತಮ್ಮ.”

“ಗೊತ್ತಿದ್ದೂ ಕಾಯ್ತೀಯಾ?”

ಅವನು ಮಷೀನಿನ ಮೇಲೆ ಬಾಗಿದ. ಸೂಜಿಯ ಕಣ್ಣಿಗೆ ದಾರ ಪೋಣಿಸುತ್ತಿದ್ದ. ದಾರ ಎರಡು ಸಲ ತಪ್ಪಿತು. ಹಿಂದೆ ಊರುಗೋಲಿನ ಸದ್ದಾಯಿತು. ತಾಯಿ ಒಂದು ಕೈಯಲ್ಲಿ ತಮ್ಮ ತಟ್ಟೆ ಹಿಡಿದು, ಇನ್ನೊಂದರಲ್ಲಿ ಊರುಗೋಲು ಊರುತ್ತಾ, ಅನ್ನ ಚೆಲ್ಲದ ಹಾಗೆ ನಿಧಾನವಾಗಿ ಬಂದು, ಕತ್ತರಿಸುವ ಮೇಜಿನ ಮೇಲೆ ತಟ್ಟೆ ಇಟ್ಟರು. ಬೆಂಚಿನ ಮೇಲೆ ಕೂತು ಉಸಿರು ಬಿಟ್ಟರು.

“ಏಳು, ಕೈ ತೊಳ್ಕೊಂಡು ಬಾ. ಈಗ ನನ್ನ ಜತೆ ಉಣ್ಣು, ರಾತ್ರಿ ಅವಳ ಜತೆ ಇನ್ನೊಂದು ಸಲ ಉಣ್ಣು. ಎರಡು ಸಲ ಉಂಡ್ರೆ ಯಾರೂ ಸಾಯಲ್ಲ.”